‘ತಾಳಲಾರದೆ’ ಎಂಬ ಒಂದು ಮಾತಿನ ಹಿಂದೆ: ಆತ್ಮಹತ್ಯೆಯ ಅಪಾಯ ಹೇಗೆ ಏರುತ್ತದೆ, ಹೇಗೆ ಇಳಿಸಬಹುದು

ದಾವಣಗೆರೆ, ಚಿತ್ರದುರ್ಗದ ಜಿಲ್ಲಾ ಪುಟಗಳ ಒಂದು ಕಾಲಂ ಸುದ್ದಿಗಳಲ್ಲಿ ಮೂರು ಮಾತು ಎಷ್ಟೋ ವರ್ಷದಿಂದ ಬದಲಾಗಿಲ್ಲ: ‘ಸಾಲಬಾಧೆ ತಾಳಲಾರದೆ’, ‘ಹೊಟ್ಟೆನೋವು ತಾಳಲಾರದೆ’, ‘ಜೀವನದಲ್ಲಿ ಜಿಗುಪ್ಸೆಗೊಂಡು’. ಠಾಣೆಯಲ್ಲಿ ದೂರು ಬರೆಯುವಾಗ ಕಾರಣ ಅಂತ ಒಂದು ಬೇಕು, ಬರೆಯುತ್ತಾರೆ. ಪತ್ರಿಕೆ ಅದನ್ನೇ ಎತ್ತಿಕೊಳ್ಳುತ್ತದೆ. ಓದಿದವರಿಗೆ ಲೆಕ್ಕ ತಾಳೆಯಾದ ಹಾಗೆ ಅನ್ನಿಸುತ್ತದೆ. ಆದರೆ ಅದೇ ಊರಲ್ಲಿ, ಅದೇ ಸೊಸೈಟಿಯಲ್ಲಿ ಅದಕ್ಕಿಂತ ಹೆಚ್ಚು ಸಾಲ ಇರುವ ಹತ್ತು ಮನೆಗಳಿರುತ್ತವೆ. ಆ ಮನೆಯವರು ಬೆಳಿಗ್ಗೆ ಎದ್ದು ಎಂದಿನಂತೆ ಹೊಲಕ್ಕೆ ಹೋಗುತ್ತಿರುತ್ತಾರೆ. ಸಾಲ ಒಂದು ಕಾರಣ ಹೌದು. ಅದೊಂದೇ ಕಾರಣ ಅಲ್ಲ, ಎಂದೂ ಅಲ್ಲ.

ಮುಂದೆ ಓದುವ ಮೊದಲು ಒಂದು ಸಂಖ್ಯೆ: 14416. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮಗೇ ಅಂಥ ಯೋಚನೆ ಬರುತ್ತಿದ್ದರೆ ಈ ಲೇಖನ ಮುಗಿಸುವ ತನಕ ಕಾಯಬೇಡಿ, ಈಗಲೇ ಕರೆ ಮಾಡಿ. ಮನೆಯವರ ಬಗ್ಗೆ ಭಯವಿದ್ದು ಏನು ಮಾಡಬೇಕೆಂದು ತಿಳಿಯದವರೂ ಇದೇ ಸಂಖ್ಯೆಗೆ ಮಾಡಬಹುದು.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಕರ್ನಾಟಕದ ಪಾಲು 13,606. ದೇಶದ ಲೆಕ್ಕದಲ್ಲಿ ಕಾರಣದ ಕಲಂ ನೋಡಿದರೆ ಮೊದಲನೆಯದು ಕುಟುಂಬದ ಸಮಸ್ಯೆ, ಶೇ 31.7. ಎರಡನೆಯದು ಕಾಯಿಲೆ, ಶೇ 18.4. ಸಾಲ ಬಹಳ ಕೆಳಗಿದೆ. ಆದರೆ ಈ ಕಲಮಿನಲ್ಲೂ ಒಬ್ಬರಿಗೆ ಒಂದೇ ಕಾರಣ ತುಂಬುವುದು. ಸಾಲದಿಂದ ಜಗಳ, ಜಗಳದಿಂದ ಕುಡಿತ, ಕುಡಿತದಿಂದ ಕಾಯಿಲೆ ಎಂಬ ಸರಪಳಿಯ ಯಾವ ಕೊಂಡಿಯನ್ನು ಬರೆದರು ಅನ್ನುವುದಷ್ಟೇ ಅಲ್ಲಿ ಗೊತ್ತಾಗುವುದು.

ಅಪಾಯ ಅಂದರೆ ಭವಿಷ್ಯವಲ್ಲ

ಜಗಳೂರು ಕಡೆಯ ಒಬ್ಬ ಮೆಕ್ಕೆಜೋಳದ ರೈತ ಎಂದಿಟ್ಟುಕೊಳ್ಳಿ. ವಯಸ್ಸು 48. ಎರಡು ಬೋರ್ ಕೊರೆಸಿದ್ದಾನೆ, ಎರಡರಲ್ಲೂ ಬರೀ ಧೂಳು. ಹೆಂಡತಿಯ ಸರ ಸೊಸೈಟಿಯಲ್ಲಿ ಅಡ ಕೂತಿದೆ. ಕೆಲ ವರ್ಷದ ಹಿಂದೆ ಅವನ ಅಣ್ಣ ಹೀಗೇ ಜೀವ ಕಳೆದುಕೊಂಡಿದ್ದ. ಎರಡು ತಿಂಗಳಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಇಲ್ಲ. ಸಂತೆ ದಿನ ಮಾತ್ರ ಕುಡಿಯುತ್ತಿದ್ದವನು ಈಗ ದಿನಾ ಕುಡಿಯುತ್ತಾನೆ. ಹೆಂಡತಿ ಮಗಳ ಮನೆಗೆ ಹೋಗಿ ಹದಿನೈದು ದಿನ. ನಿನ್ನೆ ಕಂತು ಕೇಳಲು ಬಂದವರು ಬೀದಿಯಲ್ಲಿ ನಿಂತು ಕೂಗಾಡಿದರು. ಹೊಲಕ್ಕೆ ತಂದ ಔಷಧಿ ಮನೆಯಲ್ಲೇ ಇದೆ.

ಇದರಲ್ಲಿ ಅಪಾಯದ ಅಂಶಗಳು ಎಷ್ಟು ಅಂತ ಎಣಿಸಬಹುದು. ಎಣಿಸಿ ‘ಇವನು ಮಾಡಿಕೊಳ್ಳುತ್ತಾನೆ, ಇವನು ಮಾಡಿಕೊಳ್ಳುವುದಿಲ್ಲ’ ಅಂತ ಹೇಳಲು ಮಾತ್ರ ಬರುವುದಿಲ್ಲ. ಐವತ್ತು ವರ್ಷಗಳಲ್ಲಿ ನಡೆದ 365 ಅಧ್ಯಯನಗಳನ್ನು ಒಟ್ಟಿಗಿಟ್ಟು 2017ರಲ್ಲಿ ಪರಿಶೀಲಿಸಿದಾಗ ಸಿಕ್ಕ ಉತ್ತರ ಹೀಗಿತ್ತು: ಅಪಾಯದ ಅಂಶಗಳನ್ನು ನೋಡಿ ಒಬ್ಬ ವ್ಯಕ್ತಿಯ ಬಗ್ಗೆ ಮುನ್ಸೂಚನೆ ಕೊಡುವುದು ನಾಣ್ಯ ಚಿಮ್ಮುವುದಕ್ಕಿಂತ ಅಷ್ಟೇನೂ ಮೇಲಲ್ಲ. ಹಾಗಾದರೆ ಈ ಪಟ್ಟಿ ಯಾಕೆ ಬೇಕು? ಯಾವುದನ್ನು ಬದಲಿಸಬಹುದು ಎಂದು ಹುಡುಕಲು ಬೇಕು.

ಅಣ್ಣನ ಸಾವು, ಬತ್ತಿದ ಬೋರ್, ವಯಸ್ಸು ಇವು ಬದಲಾಗುವಂಥವಲ್ಲ. ನಿದ್ದೆ, ಕುಡಿತ, ಹಿಂದೆಯೇ ಇರಬಹುದಾದ ಖಿನ್ನತೆ, ಸಾಲದ ಕಂತಿನ ಗಡುವು ಇವುಗಳಿಗೆ ವಾರ, ತಿಂಗಳು ಬೇಕು. ಮೂರನೆಯ ಗುಂಪು ಇವತ್ತು ರಾತ್ರಿಯೇ ಬದಲಾಗಬಲ್ಲದ್ದು: ಅವನು ಮನೆಯಲ್ಲಿ ಒಬ್ಬನೇ ಇರುವುದು, ಔಷಧಿ ಕೈಗೆಟುಕುವ ಜಾಗದಲ್ಲಿರುವುದು, ನಿನ್ನೆಯ ಅವಮಾನವನ್ನು ಯಾರ ಹತ್ತಿರವೂ ಹೇಳಿಕೊಳ್ಳದೆ ಇರುವುದು. ಮನೆಯವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ‘ಸಾಲ ಒಂದು ತೀರಿದರೆ ಎಲ್ಲ ಸರಿಹೋಗುತ್ತೆ’ ಅಂತ ದೊಡ್ಡದಕ್ಕೆ ಕೈ ಹಾಕಿ, ಇವತ್ತೇ ಆಗುವ ಮೂರು ಸಣ್ಣ ಕೆಲಸ ಬಿಟ್ಟುಬಿಡುತ್ತಾರೆ.

ಸಾಲದ ಬಗ್ಗೆಯೂ ತಕ್ಷಣ ಆಗುವ ಕೆಲಸ ಒಂದಿದೆ, ಅದು ಕೂಗಾಟ ನಿಲ್ಲಿಸುವುದು. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಬೆದರಿಕೆ, ಬೈಗುಳ ಯಾವ ಹೊತ್ತಿನಲ್ಲೂ ಸಲ್ಲದು. ನೋಂದಣಿಯಿಲ್ಲದೆ ಸಾಲ ಕೊಡುವವರ ಬಲವಂತದ ವಸೂಲಿಗೆ ರಾಜ್ಯ ಸರ್ಕಾರ 2025ರಲ್ಲಿ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಠಾಣೆಗೆ ಸಾಲಗಾರ ಒಬ್ಬನೇ ಹೋಗುವುದಕ್ಕಿಂತ ಜೊತೆಗೆ ಇಬ್ಬರು ಹೋದರೆ ಕೆಲಸ ಬೇಗ ಆಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ.

ಒಳಗೆ ಏನಾಗುತ್ತದೆ

ಹೊರಗಿನ ಕಷ್ಟ ಒಳಗೆ ಮೂರು ಭಾವನೆಯಾಗಿ ಕೂರುತ್ತದೆ. ನಾನು ಸೋತೆ. ಇದರಿಂದ ಹೊರಬರುವ ದಾರಿ ಇಲ್ಲ. ನಾನು ಇವರಿಗೆಲ್ಲ ಹೊರೆ. ಮೂರನೆಯದು ಬಂದ ಮೇಲೆ ಲೆಕ್ಕವೇ ತಿರುಗಿಬೀಳುತ್ತದೆ. ತಾನು ಸತ್ತರೆ ಮನೆಯವರಿಗೆ ಉಪಕಾರ ಎಂದು ನಿಜವಾಗಿಯೇ ಅನ್ನಿಸತೊಡಗುತ್ತದೆ. ಆದ್ದರಿಂದ ‘ಹೆಂಡ್ತಿ ಮಕ್ಕಳ ಮುಖ ನೋಡಬಾರದೇನೋ’ ಅನ್ನುವ ಬುದ್ಧಿಮಾತು ಎಷ್ಟೋ ಸಲ ತಲುಪುವುದೇ ಇಲ್ಲ. ಅವನು ಅವರ ಮುಖ ನೋಡಿಯೇ ಹಾಗೆ ಯೋಚಿಸುತ್ತಿರುತ್ತಾನೆ. ಆ ಮಾತು ಅವನ ಹೊರೆಗೆ ನಾಚಿಕೆಯನ್ನೂ ಸೇರಿಸುತ್ತದೆ.

ಈ ಸ್ಥಿತಿಯಲ್ಲಿ ಮನಸ್ಸು ಕಿರಿದಾಗುತ್ತದೆ. ಹೊರಗಿನವರಿಗೆ ಕಾಣುವ ನಾಲ್ಕು ದಾರಿ ಒಳಗಿರುವವನಿಗೆ ಕಾಣುವುದಿಲ್ಲ. ನಿದ್ದೆಗೆಟ್ಟರೆ ಇನ್ನಷ್ಟು ಕಿರಿದಾಗುತ್ತದೆ, ಕುಡಿದರೆ ತಡೆಯೂ ಕಳಚುತ್ತದೆ. ಕುಡಿತವನ್ನು ಬರೀ ಚಟ ಎಂದು ಬೈದು ಬಿಡುವವರು ಇದನ್ನು ಗಮನಿಸಬೇಕು: ಎಂದಿನಷ್ಟೇ ದುಃಖ ಕುಡಿದ ಎರಡು ಗಂಟೆಯಲ್ಲಿ ಬೇರೆಯೇ ಅಪಾಯ.

ಹೆಣ್ಣುಮಕ್ಕಳ ವಿಷಯ ಬೇರೆ. 2022ರಲ್ಲಿ ದೇಶದಲ್ಲಿ ಹೀಗೆ ತೀರಿಕೊಂಡ 48,172 ಮಹಿಳೆಯರಲ್ಲಿ 25,309 ಮಂದಿ ಗೃಹಿಣಿಯರು. ಬೇರೆ ಎಷ್ಟೋ ದೇಶಗಳಲ್ಲಿ ಮದುವೆ ಒಂದು ರಕ್ಷಣೆ ಎಂದು ಲೆಕ್ಕ. ನಮ್ಮಲ್ಲಿ ಹೆಂಗಸರಿಗೆ ಅದು ಅಷ್ಟಾಗಿ ಹೊಂದುವುದಿಲ್ಲ. ಹೊಡೆತ, ಗಂಡನ ಕುಡಿತ, ಕೈಯಲ್ಲಿ ಸ್ವಂತದ ಹತ್ತು ರೂಪಾಯಿ ಇಲ್ಲದಿರುವುದು, ‘ಹೊಂದಿಕೊಂಡು ಹೋಗವ್ವ’ ಎಂದು ತವರಿನವರೂ ವಾಪಸ್ ಕಳಿಸುವುದು ಸೇರಿದರೆ ‘ದಾರಿ ಇಲ್ಲ’ ಅನ್ನುವುದು ಬರೀ ಭಾವನೆಯಾಗಿ ಉಳಿಯುವುದಿಲ್ಲ, ನಿಜವೇ ಆಗಿಬಿಡುತ್ತದೆ. ಇಲ್ಲಿ ಸಾಂತ್ವನಕ್ಕಿಂತ ಮೊದಲು ಬೇಕಾಗಿರುವುದು ಬಾಗಿಲು. ಮಹಿಳಾ ಸಹಾಯವಾಣಿ 181 ಅದಕ್ಕೆಂದೇ ಇದೆ.

ದಾವಣಗೆರೆಯಂಥ ಕಾಲೇಜುಗಳ ಊರಲ್ಲಿ ಫಲಿತಾಂಶದ ವಾರ ಇನ್ನೊಂದು ಬಗೆಯದು. ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆ. ಫಲಿತಾಂಶ ಬಂದ ದಿನವಲ್ಲ, ಬರುವ ಹಿಂದಿನ ದಿನ ಮನೆಯಲ್ಲಿ ಇದನ್ನು ಆಡಬೇಕು: ‘ಆಗದಿದ್ರೆ ಎರಡನೇ ಪರೀಕ್ಷೆ ಐತೆ, ಶುಲ್ಕ ಕಟ್ಟಾಣ.’ ಬಂದ ಮೇಲೆ ಹೇಳಿದರೆ ಸಮಾಧಾನದಂತೆ ಕೇಳುತ್ತದೆ, ಮೊದಲೇ ಹೇಳಿದ್ದರೆ ಯೋಜನೆಯಂತೆ ಉಳಿಯುತ್ತದೆ.

ಗಂಟೆಗಳ ಲೆಕ್ಕ

ಈ ವಿಷಯದಲ್ಲಿ ಜನ ತೀರಾ ಕಡಿಮೆ ನಂಬುವ ಸಂಗತಿ ಎಂದರೆ ತೀವ್ರ ಅಪಾಯ ಅಲೆಯಂತೆ ಬಂದು ಇಳಿಯುತ್ತದೆ ಎನ್ನುವುದು. ಯೋಚನೆ ತಿಂಗಳುಗಟ್ಟಲೆ ಇರಬಹುದು, ತುತ್ತತುದಿಯ ಹೊತ್ತು ಚಿಕ್ಕದು. ಬದುಕುಳಿದವರನ್ನು ಕೇಳಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಮಂದಿ, ಈ ಸಲದ ಯೋಚನೆ ಶುರುವಾಗಿದ್ದಕ್ಕೂ ಕೈ ಹಾಕಿದ್ದಕ್ಕೂ ನಡುವೆ ಹತ್ತು ನಿಮಿಷ ಅಥವಾ ಅದಕ್ಕಿಂತ ಕಡಿಮೆ ಎಂದರು. ಒಮ್ಮೆ ಯತ್ನಿಸಿ ಬದುಕಿದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ‘ಮಾಡಿಕೊಳ್ಳಬೇಕು ಅಂದವರನ್ನ ಯಾರು ತಡೆಯೋಕಾಗುತ್ತೆ’ ಅನ್ನುವ ಮಾತು ಆದ್ದರಿಂದ ತಪ್ಪು. ಆ ಹೊತ್ತನ್ನು ದಾಟಿಸಿದರೆ ಬಹಳ ಮಟ್ಟಿಗೆ ಜೀವವನ್ನೇ ದಾಟಿಸಿದಂತೆ.

ಇದಕ್ಕೆ ದೊಡ್ಡ ಪುರಾವೆ ಶ್ರೀಲಂಕಾ. ಅಲ್ಲಿ 1995ರಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. ಎರಡು ದಶಕದಲ್ಲಿ ಆತ್ಮಹತ್ಯೆಯ ದರ ಸುಮಾರು ಶೇ 70ರಷ್ಟು ಇಳಿಯಿತು. ಬೆಳೆಯ ಇಳುವರಿ ಕುಸಿಯಲಿಲ್ಲ. ಬಡತನ ಮಾಯವಾಗಿರಲಿಲ್ಲ, ಜಗಳ ನಿಂತಿರಲಿಲ್ಲ. ಕೈಗೆ ಸಿಗುವ ವಸ್ತು ಬದಲಾಗಿತ್ತು, ಅಷ್ಟೇ.

ಅದೇ ದೇಶದಲ್ಲಿ ಮನೆಮನೆಗೆ ಬೀಗದ ಪೆಟ್ಟಿಗೆ ಹಂಚಿಯೂ ನೋಡಿದರು. 2017ರಲ್ಲಿ ಬಂದ ಫಲಿತಾಂಶದಲ್ಲಿ ಲಾಭ ಕಾಣಲಿಲ್ಲ. ಕೀಲಿ ಮನೆಯಲ್ಲೇ ಇದ್ದರೆ ಬೀಗ ಇದ್ದೂ ಇಲ್ಲದಂತೆ ಎಂದು ನಾವು ಅರ್ಥ ಮಾಡಿಕೊಳ್ಳಬಹುದು. ಹಾಗಾಗಿ ಅಪಾಯ ಇರುವ ಮನೆಯಲ್ಲಿ ಅಟ್ಟದ ಮೇಲಿಡುವುದು, ಬೀರುವಿಗೆ ಬೀಗ ಹಾಕುವುದು ಸಾಲದು. ಔಷಧಿ ಮನೆಯಲ್ಲೂ ಇರಬಾರದು, ಹೊಲದ ಶೆಡ್ಡಿನಲ್ಲೂ ಇರಬಾರದು. ಸಿಂಪಡಿಸುವ ದಿನ ಬೇಕಾದಷ್ಟೇ ತಂದು ಅವತ್ತೇ ಮುಗಿಸಿ. ಉಳಿದರೆ ಬೇರೆ ಓಣಿಯ ನೆಂಟರ ಬಳಿ ಇಡಿ, ಯಾಕೆ ಎಂದು ಅವರಿಗೆ ಹೇಳಿಯೇ ಇಡಿ. ತಮಿಳುನಾಡಿನ ಕೆಲವು ಹಳ್ಳಿಗಳಲ್ಲಿ ಊರಿಗೊಂದು ಜಾಗದಲ್ಲಿ ಲಾಕರ್ ಇಟ್ಟು ಎಲ್ಲರ ಕೀಟನಾಶಕವನ್ನೂ ಅಲ್ಲೇ ಇಡುವ ಪ್ರಯೋಗ ಆಗಿದೆ. ನಮ್ಮ ಹಾಲಿನ ಡೇರಿ, ಸೊಸೈಟಿ ಕಟ್ಟಡಗಳಲ್ಲಿ ಇದು ಆಗದ ಕೆಲಸವೇನಲ್ಲ. ಮನೆಯಲ್ಲಿರುವ ಮಾತ್ರೆಗಳಿಗೂ ಇದೇ ನಿಯಮ: ಒಂದು ವಾರಕ್ಕಾಗುವಷ್ಟು ಮಾತ್ರ, ಅದೂ ಇನ್ನೊಬ್ಬರ ಕೈಯಲ್ಲಿ.

ನೇರವಾಗಿ ಕೇಳುವುದು

ಸಾಯುವ ಯೋಚನೆ ಬರುತ್ತಿದೆಯಾ ಎಂದು ಕೇಳಿದರೆ ತಲೆಗೆ ಹುಳ ಬಿಟ್ಟಂತಾಗುತ್ತದೆ ಎಂಬ ಭಯ ಎಲ್ಲರಿಗೂ ಇದೆ, ವೈದ್ಯರಿಗೂ ಇದೆ. ಅಧ್ಯಯನಗಳಲ್ಲಿ ಇದಕ್ಕೆ ಆಧಾರ ಸಿಕ್ಕಿಲ್ಲ. ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ, ಇದ್ದವರಿಗೆ ಹಗುರವಾಗುತ್ತದೆ.

ಗುರುತುಗಳು ಹೀಗೆ ಇರುತ್ತವೆ: ಪಾಸ್‌ಬುಕ್, ಬಾಂಡು, ಪಹಣಿ ಎಲ್ಲ ಒಂದು ಚೀಲಕ್ಕೆ ಹಾಕಿ ಹೆಂಡತಿಗೆ ತೋರಿಸುವುದು. ಯಾರಿಗೆ ಎಷ್ಟು ಕೊಡಬೇಕು ಎಂದು ಮಗನಿಗೆ ಬರೆಸುವುದು. ಪ್ರೀತಿಯ ಎತ್ತನ್ನು ಕಾರಣವಿಲ್ಲದೆ ಕೊಟ್ಟುಬಿಡುವುದು. ‘ಇನ್ನೆರಡು ದಿನ, ಆಮೇಲೆ ನನ್ನ ಕಾಟ ಇರಲ್ಲ ಬಿಡು’ ಎಂದು ನಗುವುದು. ವಾರಗಟ್ಟಲೆ ಕಂಗೆಟ್ಟಿದ್ದವರು ಕಷ್ಟವೇನೂ ಬದಲಾಗದೆ ಒಮ್ಮೆಲೇ ಶಾಂತವಾಗುವುದು. ಕೊನೆಯದನ್ನು ಕಂಡು ಮನೆಯವರು ‘ಸುಧಾರಿಸ್ಕೊಂಡ್ರು’ ಎಂದುಕೊಳ್ಳುತ್ತಾರೆ, ತಮ್ಮ ಕೆಲಸಕ್ಕೆ ಮರಳುತ್ತಾರೆ.

ಕೇಳಬೇಕಾದ್ದು ನಾಲ್ಕು ಜನರ ಮುಂದೆ ಅಲ್ಲ. ಹೊಲದ ಬದುವಿನಲ್ಲೋ ಬೈಕ್ ನಿಲ್ಲಿಸಿದ ಮರದ ಕೆಳಗೋ ಇಬ್ಬರೇ ಇರುವಾಗ. ‘ಅಣ್ಣಾ, ಎರಡು ತಿಂಗಳಿಂದ ನೋಡ್ತಿದೀನಿ, ನಿದ್ದೆ ಇಲ್ಲ ನಿಂಗೆ. ಇಷ್ಟು ಕಷ್ಟ ಬಂದಾಗ ಕೆಲವರಿಗೆ ಸಾಯಬೇಕು ಅನ್ಸುತ್ತೆ. ನಿಂಗೂ ಅನ್ಸೇತಾ?’ ಹೌದೆಂದರೆ ಮುಂದಿನದು: ಹೇಗೆ ಅಂತ ಯೋಚನೆ ಮಾಡಿದ್ದೀಯಾ, ಯಾವಾಗ ಅಂತ ಇದೆಯಾ, ಅದಕ್ಕೆ ಬೇಕಾದ್ದು ಕೈಗೆ ಸಿಗುವ ಹಾಗಿದೆಯಾ, ಹಿಂದೆ ಯಾವಾಗಲಾದರೂ ಯತ್ನಿಸಿದ್ದೆಯಾ. ಯೋಚನೆ ಇದೆ, ದಾರಿ ನಿಶ್ಚಯಿಸಿಲ್ಲ ಎಂದರೆ ಒಂದೆರಡು ದಿನದೊಳಗೆ ವೈದ್ಯರ ಬಳಿಗೆ. ದಾರಿ, ದಿನ ಎರಡೂ ಇದ್ದರೆ ಆ ಹೊತ್ತಿನಿಂದ ಅವರನ್ನು ಒಬ್ಬರನ್ನೇ ಬಿಡಬಾರದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

‘ಹಂಗೆಲ್ಲ ಏನೂ ಮಾಡ್ಕೊಳಲ್ಲ ತಾನೆ?’ ಎಂದು ಕೇಳಬೇಡಿ. ಆ ಪ್ರಶ್ನೆಯೊಳಗೇ ಉತ್ತರವಿದೆ, ಎದುರಿನವರು ಅದನ್ನೇ ಕೊಡುತ್ತಾರೆ. ಮಕ್ಕಳ ತಲೆ ಮೇಲೆ ಕೈಯಿಡಿಸಿ ಆಣೆ ಮಾಡಿಸುವುದೂ ಕೂಡದು. ಆಣೆಯಿಂದ ಯೋಚನೆ ನಿಲ್ಲುವುದಿಲ್ಲ, ಬಾಯಿ ಮಾತ್ರ ಕಟ್ಟುತ್ತದೆ. ಮುಂದಿನ ಸಲ ನಿಮಗೆ ಹೇಳಲು ಅವರಿಗೆ ಮುಖವೇ ಇರುವುದಿಲ್ಲ.

ಆಣೆಗೆ ಬದಲು ಒಂದು ಚೀಟಿ ಬರೆಯಿರಿ. ಸುರಕ್ಷತಾ ಯೋಜನೆ ಎಂದು ಕರೆಯುವ ಇದಕ್ಕೆ ಆರು ಮೆಟ್ಟಿಲು, ಎಲ್ಲವೂ ಅವರದೇ ಮಾತಲ್ಲಿ, ಅಂಗಿಯ ಜೇಬಿಗೆ ಹಿಡಿಯುವಷ್ಟು ಕಾಗದದಲ್ಲಿ. ಮೊದಲು, ಆ ಹೊತ್ತು ಹತ್ತಿರ ಬರುವಾಗಿನ ಗುರುತು. ನಮ್ಮ ರೈತನಿಗೆ ಅದು ‘ಮೂರು ಗಂಟೆಗೆ ಎದ್ದು ಸಾಲದ ಪುಸ್ತಕ ತೆಗೆಯೋದು’. ಎರಡನೆಯದು ಒಬ್ಬನೇ ಮಾಡಬಲ್ಲದ್ದು: ಎತ್ತಿಗೆ ಮೇವು ಹಾಕಿ ಮೈ ತಿಕ್ಕುವುದು. ಮೂರನೆಯದು ಕಷ್ಟ ಹೇಳಿಕೊಳ್ಳದೆಯೂ ಜನರ ನಡುವೆ ಇರಬಹುದಾದ ಜಾಗ: ಹಾಲು ಹಾಕುವ ಡೇರಿ, ಗುಡಿಯ ಕಟ್ಟೆ. ಬ್ರಾಂದಿ ಅಂಗಡಿ ಈ ಲೆಕ್ಕಕ್ಕಿಲ್ಲ. ನಾಲ್ಕನೆಯದು ಬಾಯಿಬಿಟ್ಟು ಹೇಳಿಕೊಳ್ಳಬಲ್ಲ ಇಬ್ಬರ ಹೆಸರು, ಫೋನ್ ನಂಬರು. ಐದನೆಯದು 14416 ಮತ್ತು ಹತ್ತಿರದ ಆಸ್ಪತ್ರೆ. ಆರನೆಯದು ಅಪಾಯದ ವಸ್ತು ಮನೆಯಿಂದ ಹೊರಹೋಗುವುದು, ಯಾರು ಒಯ್ಯುತ್ತಾರೆ, ಯಾವಾಗ. ಇದನ್ನು ಮಗನೋ ಅಳಿಯನೋ ಬರೆದುಕೊಟ್ಟರೆ ಕೆಲಸಕ್ಕೆ ಬರುವುದಿಲ್ಲ. ‘ಧೈರ್ಯವಾಗಿರುತ್ತೇನೆ’ ಎಂಬ ಸಾಲು ಅದರಲ್ಲಿದ್ದರೆ ಹೊಡೆದುಹಾಕಿ. ರಾತ್ರಿ ಮೂರು ಗಂಟೆಗೆ ಎದ್ದವನು ಅದನ್ನು ಓದಿ ಏನು ಮಾಡಬೇಕು?

ರಕ್ಷಣೆ ಎಲ್ಲಿಂದ

ರಕ್ಷಿಸುವ ಅಂಶಗಳೆಂದರೆ ನಂಟು, ಬದುಕಲು ತನ್ನದೇ ಆದ ಕಾರಣ, ದೇವರು ಧರ್ಮದ ನಂಬಿಕೆ, ಸಮಸ್ಯೆ ಬಿಡಿಸಿಕೊಳ್ಳುವ ದಾರಿ, ಚಿಕಿತ್ಸೆ. ಇವು ಅಪಾಯದೊಂದಿಗೆ ವಜಾ ಆಗುವುದಿಲ್ಲ. ‘ಮಕ್ಕಳಿದಾವೆ, ದೈವಭಕ್ತ, ಹಾಗೇನೂ ಮಾಡ್ಕೊಳಲ್ಲ’ ಎಂಬ ಭರವಸೆ ಸುಳ್ಳಾದ ಮನೆಗಳು ಬಹಳ. ಕೆಲವಂತೂ ಎರಡೂ ಕಡೆಗೆ ತೂಗುತ್ತವೆ. ಸ್ತ್ರೀಶಕ್ತಿ ಸಂಘದ ಹತ್ತು ಹೆಂಗಸರು ವಾರಕ್ಕೊಮ್ಮೆ ಕೂತು ಮಾತಾಡುವುದು ಗಟ್ಟಿ ನಂಟು. ಅದೇ ಹತ್ತು ಜನ ಕಂತು ತಪ್ಪಿದವಳ ಬಾಗಿಲಿಗೆ ಒಟ್ಟಿಗೆ ಬಂದು ನಿಂತರೆ ಅದರಷ್ಟು ಅವಮಾನ ಬೇರಿಲ್ಲ.

ಜಮೀನಿನ ವ್ಯಾಜ್ಯ, ಅಣ್ಣತಮ್ಮಂದಿರ ಪಾಲು, ಗಂಡ ಹೆಂಡಿರ ಜಗಳ ವರ್ಷಗಟ್ಟಲೆ ಎಳೆದಾಗ ಮನಸ್ಸನ್ನು ತಿನ್ನುತ್ತವೆ. ಚಿತ್ರದುರ್ಗ ಜಿಲ್ಲೆಯ ಸಿರಿಗೆರೆ ಮಠದಲ್ಲಿ ಸೋಮವಾರ ನಡೆಯುವ ಸದ್ಧರ್ಮ ನ್ಯಾಯಪೀಠವನ್ನು ಯಾರೂ ಮಾನಸಿಕ ಆರೋಗ್ಯದ ಕೆಲಸ ಎಂದು ಕರೆಯುವುದಿಲ್ಲ. ಆದರೆ ಕೋರ್ಟಿಗೆ ಅಲೆಯಲಾಗದವರಿಗೆ ‘ಕೇಳುವವರಿದ್ದಾರೆ’ ಅನ್ನಿಸುವ ಯಾವ ಜಾಗವೂ ಈ ಲೆಕ್ಕದಲ್ಲಿ ರಕ್ಷಣೆಯೇ.

ಇನ್ನು ಚಿಕಿತ್ಸೆ. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ತೋರಿಸಿದ್ದು ಪಕ್ಕದ ಬಳ್ಳಾರಿಯಲ್ಲೇ. ಆ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ ಎರಡರಲ್ಲೂ ಮನೋವೈದ್ಯರನ್ನು ಕಾಣಬಹುದು. ‘ಮನೋಚೈತನ್ಯ’ ಯೋಜನೆಯಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಹತ್ತು ದಿನಕ್ಕೆ ‘ಏನೂ ಗುಣ ಕಾಣಲಿಲ್ಲ’ ಎಂದು ಬಿಡುವವರೇ ಹೆಚ್ಚು. ಶುರುವಿನ ವಾರಗಳಲ್ಲಿ, ಅದರಲ್ಲೂ 25ರೊಳಗಿನವರಲ್ಲಿ, ಚಡಪಡಿಕೆ ಹೆಚ್ಚಿದರೆ ತಕ್ಷಣ ವೈದ್ಯರಿಗೆ ತಿಳಿಸಬೇಕು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ನುಂಗಬೇಕು.

ಯತ್ನ ನಡೆದೇ ಹೋಗಿದ್ದರೆ 108. ಉಪ್ಪುನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಹೋಗಿ ಇನ್ನೊಂದು ಅಪಾಯವಾಗುತ್ತದೆ. ಎಡ ಮಗ್ಗುಲಿಗೆ ಮಲಗಿಸಿ, ಬಟ್ಟೆಗೆ ಚೆಲ್ಲಿದ್ದರೆ ನಿಮ್ಮ ಕೈಗೆ ತಾಗದಂತೆ ತೆಗೆಯಿರಿ, ಡಬ್ಬಿ ಅಥವಾ ಲೇಬಲ್ ಆಸ್ಪತ್ರೆಗೆ ಒಯ್ಯಿರಿ. ಪೊಲೀಸ್ ಕೇಸಿಗೆ ಹೆದರಿ ಹೊತ್ತು ಕಳೆಯಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ 309ನೇ ಸೆಕ್ಷನ್ ಇಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ದಾಖಲೆಗಾಗಿ.

ಒಂದು ಮಾತು ಪತ್ರಿಕೆಯವರಿಗೆ. ‘ಆತ್ಮಹತ್ಯೆಗೆ ಶರಣು’ ಎಂದು ಬರೆಯುತ್ತೀರಿ. ಶರಣು ಎಂಬ ಪದಕ್ಕೆ ಈ ನೆಲದಲ್ಲಿ ಎಂಥ ಗೌರವ ಇದೆ ಎಂದು ಹೇಳಬೇಕಾಗಿಲ್ಲ. ‘ಮೃತಪಟ್ಟರು’ ಎಂದರೆ ಸಾಕು, ಜಾಗವೂ ಉಳಿಯುತ್ತದೆ.

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳೇ ತೀರಾ ಅಪಾಯದವು. ನೋಡಲು ಬಂದವರು ಹೋಗಿರುತ್ತಾರೆ, ಸಾಲ ಅಲ್ಲೇ ಇರುತ್ತದೆ, ಊರಿಗೆಲ್ಲ ಗೊತ್ತಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ ಸೇರಿದಂತೆ ಐದು ದೇಶಗಳ ಐದು ಊರುಗಳಲ್ಲಿ, ಯತ್ನಿಸಿ ಬದುಕುಳಿದ 1,867 ಮಂದಿಯೊಂದಿಗೆ ಒಂದು ಪರೀಕ್ಷೆ ನಡೆಸಿತ್ತು, ಫಲಿತಾಂಶ ಬಂದದ್ದು 2008ರಲ್ಲಿ. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆ ಬಿಡುಗಡೆಯ ಹೊತ್ತಿಗೆ ಒಂದು ಗಂಟೆಯ ಮಾತುಕತೆ, ಆಮೇಲೆ ಒಂಬತ್ತು ಸಲ ವಿಚಾರಿಸುವುದು. ಹದಿನೆಂಟು ತಿಂಗಳ ಕೊನೆಗೆ ಆತ್ಮಹತ್ಯೆಯಿಂದ ಸತ್ತವರು ಮೊದಲ ಗುಂಪಿನಲ್ಲಿ ಶೇ 2.2, ಎರಡನೆಯದರಲ್ಲಿ ಶೇ 0.2.

ಆ ಒಂಬತ್ತು ಸಲ ಯಾವಾಗೆಂದರೆ 1, 2, 4, 7, 11ನೇ ವಾರ, ಆಮೇಲೆ 4, 6, 12, 18ನೇ ತಿಂಗಳು. ಅಲ್ಲಿ ವಿಚಾರಿಸಿದವರು ತರಬೇತಿ ಪಡೆದವರು, ಆದರೆ ದಿನಗಳ ಲೆಕ್ಕ ನೆಂಟರಿಗೂ ಒದಗುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಮೊದಲೆರಡು ವಾರ ಎಲ್ಲರೂ ಕೇಳುತ್ತಾರೆ, ತಪ್ಪುವುದು ಏಳನೇ ವಾರದಿಂದ. ಉಪದೇಶ ಬೇಡ, ಸಾಲದ ಮಾತು ಅವರೇ ತೆಗೆದರೆ ಸರಿ, ಇಲ್ಲದಿದ್ದರೆ ಇಲ್ಲ. ‘ಅಣ್ಣಾ, ನಿಮ್ಮ ಕಡೆ ಮಳೆ ಆತಾ? ಮೊನ್ನೆ ಮಂಗಳವಾರ ಆಸ್ಪತ್ರೆಗೆ ಹೋಗಿದ್ಯಾ? ಬರೋ ವಾರ ನಾನೇ ಬರ್ತೀನಿ ಬಿಡು, ಜೊತೆಗೆ ಹೋಗಾಣ.’ ಆ ಕಡೆಯಿಂದ ‘ಹ್ಞೂಂ’ ಅಂತ ಮಾತ್ರ ಬಂದರೂ ಪರವಾಗಿಲ್ಲ, ಹನ್ನೊಂದನೇ ವಾರ ಮತ್ತೆ ಮಾಡಬೇಕು.